ಆಟೋಕ್ಲೇವ್ ಆದ ಮೇಲೂ ಕೋಪಿಂಗ್ ಗುಲಾಬಿ: ನನ್ನ ಅನುಭವ

ಇಂಪ್ರೆಷನ್ ಕೋಪಿಂಗ್ ಎಂದರೆ ಹಲ್ಲಿನ ಇಂಪ್ಲಾಂಟ್‌ನ ಅಚ್ಚು ತೆಗೆಯುವಾಗ ಅದರ ಮೇಲೆ ಸ್ಕ್ರೂನಿಂದ ಕೂರಿಸುವ ಟೈಟಾನಿಯಂ ತುಂಡು; ತೊಳೆದು ಮತ್ತೆ ಬಳಸುತ್ತೇವೆ. ಆಟೋಕ್ಲೇವ್‌ನಿಂದ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ತೆಗೆದ ಕೋಪಿಂಗ್ ಶುಚಿಯಲ್ಲ ಎಂದಾಗ ಮಡಿಕೇರಿ, ವಿರಾಜಪೇಟೆಯ ಗೆಳೆಯರು ಒಪ್ಪಲಿಲ್ಲ. ಪ್ರೋಟೀನ್‌ಗೆ ಹಿಡಿಯುವ ಫ್ಲಾಕ್ಸಿನ್ ಬಿ ಬಣ್ಣ ಹಚ್ಚಿ, ತೊಳೆದು, ಲೂಪ್‌ನಲ್ಲಿ (ಭೂತಗನ್ನಡಿ) ತೋರಿಸಿದೆ. ಹೆಕ್ಸ್ (ಆರು ಮೂಲೆಯ) ಕುಳಿಯ ಮೂಲೆಯಲ್ಲಿ, ಸ್ಕ್ರೂ ಎಳೆಗಳ ಬುಡದಲ್ಲಿ ಗುಲಾಬಿ ಗೆರೆ. ಶಾಖಕ್ಕೆ ಬ್ಯಾಕ್ಟೀರಿಯಾ ಸಾಯುತ್ತವೆ. ಆದರೆ ಬಯೋಫಿಲ್ಮ್‌ನ (ಬ್ಯಾಕ್ಟೀರಿಯಾ ಕಟ್ಟುವ ಅಂಟುಪದರ) ಪ್ರೋಟೀನ್ ಟೈಟಾನಿಯಂ ಮೇಲೇ ಬೆಂದು ಕೂರುತ್ತದೆ.

ಮೊದಲು ಸೋತದ್ದು ಹೈಪೋದಲ್ಲಿ (ಸೋಡಿಯಂ ಹೈಪೋಕ್ಲೋರೈಟ್). 3% ದ್ರಾವಣದಲ್ಲಿ ಅರ್ಧ ಗಂಟೆ ಇಟ್ಟರೂ ಗೆರೆ ಹೋಗಲಿಲ್ಲ. ಕಿಟಕಿ ಬೆಳಕಿನಲ್ಲಿ ತಿಂಗಳುಗಟ್ಟಲೆ ಇದ್ದ ಬಾಟಲಿ ಸತ್ವ ಕಳೆದುಕೊಂಡಿತ್ತು. ಜೊತೆಗೆ ಹಾಕಿದ ಸ್ಟೀಲ್ ಸ್ಕ್ರೂಡ್ರೈವರ್ ತುಕ್ಕು ಹಿಡಿದು ಎರಡೂವರೆ ಸಾವಿರ ರೂಪಾಯಿಯಷ್ಟು ಹೋಯಿತು. ಹೈಪೋ ಸರಿಯಾಗಿ ತೊಳೆಯದೆ ಕೋಪಿಂಗನ್ನು ಕ್ಲೋರ್‌ಹೆಕ್ಸಿಡಿನ್‌ಗೆ (ಇನ್ನೊಂದು ಕ್ರಿಮಿನಾಶಕ) ಅದ್ದಿದಾಗ ಕಂದು ಗಸಿ ಕಟ್ಟಿತು. ಅವೆರಡನ್ನೂ ಸೇರಿಸಲೇಬಾರದು.

ಗುಟ್ಟೆಲ್ಲ ಮೊದಲ ಐದು ನಿಮಿಷದಲ್ಲಿದೆ: ರಕ್ತ ಒಣಗಬಾರದು. ಬಾಯಿಂದ ಬಿಚ್ಚಿದ ಕೂಡಲೇ ಡ್ಯಾಪನ್ ಡಿಶ್‌ನ (ಪುಟ್ಟ ಬಟ್ಟಲು) ಎಂಜೈಮ್ ದ್ರಾವಣಕ್ಕೆ. ಆಮೇಲೆ ಸ್ಕ್ರೂ ಬೇರ್ಪಡಿಸಿ, ನೈಲಾನ್ ಬ್ರಷ್‌ನಿಂದ ಹೊರಮೈ, ಸಣ್ಣ ಇಂಟರ್‌ಡೆಂಟಲ್ ಬ್ರಷ್‌ನಿಂದ ಕುಳಿ. ಸ್ಟೀಲ್ ಸ್ಕೇಲರ್ ಮುಟ್ಟಿಸಬೇಡಿ, ಗೀರಿನಲ್ಲಿ ಮುಂದಿನ ಪದರ ಬೇಗ ಕೂರುತ್ತದೆ. ಅಲ್ಟ್ರಾಸಾನಿಕ್ 10 ನಿಮಿಷ, ನೀರು 40 ಡಿಗ್ರಿ ಆಸುಪಾಸು. ತೀರಾ ಬಿಸಿಯಾದರೆ ಪ್ರೋಟೀನ್ ಗಟ್ಟಿಯಾಗುತ್ತದೆ. ಬಳಿಕ ಹೊಸ ಹೈಪೋ 10–15 ನಿಮಿಷ, ಡಿಸ್ಟಿಲ್ಡ್ ನೀರಿನಲ್ಲಿ ಮೂರು ಸಲ ಜಾಲಾಟ. ಎಳೆಗಳ ಬುಡಕ್ಕೆ ಬ್ರಷ್ ಬಾಗಿಸುವ ನನ್ನ ಉಪಾಯವೊಂದಿದೆ, ಅದು ಸದ್ಯ ನನ್ನಲ್ಲೇ ಇರಲಿ. ಮತ್ತೆ ಬಣ್ಣ; ಗುಲಾಬಿ ಕಂಡರೆ ಮೊದಲಿನಿಂದ. ಈಗ ಹತ್ತರಲ್ಲಿ ಒಂದು ವಾಪಸ್ ಹೋದರೆ ಹೆಚ್ಚು.

ಗಟ್ಟಿಯಾದ ಕಿಟ್ಟ ಕರಗಿಸಲು ಮನೆಯ ಕಾಚಂಪುಳಿಯನ್ನೂ (ಕೊಡಗಿನ ಕಪ್ಪು ಹುಳಿರಸ) ನೋಡಿದೆ. ಹುಳಿ ಸಾಕಷ್ಟಿದೆ, ಕಿಟ್ಟ ಸ್ವಲ್ಪ ಸಡಿಲವೂ ಆಯಿತು, ಆದರೆ ಕಪ್ಪು ಬಣ್ಣ ಎಳೆಗಳೊಳಗೆ ನಿಂತಿತು. ಸಿಟ್ರಿಕ್ ಆಮ್ಲವೇ ವಾಸಿ. ಯಾವ ಹುಳಿಯೇ ಆಗಲಿ, ಹೈಪೋ ಹತ್ತಿರ ತರಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ಇಷ್ಟೆಲ್ಲ ಏಕೆಂದರೆ, ಹೊಸ ಕೋಪಿಂಗ್ ಒಂದಕ್ಕೆ ಸುಮಾರು 1,200 ರೂಪಾಯಿ. ಒಂದು ಸಲ ತೊಳೆಯಲು ಇಪ್ಪತ್ತು ರೂಪಾಯಿಯೊಳಗೆ. ಹೀಲಿಂಗ್ ಅಬಟ್ಮೆಂಟ್ (ಒಸಡು ಮಾಗುವವರೆಗೆ ಇಂಪ್ಲಾಂಟ್ ಮೇಲೆ ಕೂರಿಸುವ ತುಂಡು) ವಿಷಯದಲ್ಲಿ ಈ ಲೆಕ್ಕ ಹಾಕುವುದಿಲ್ಲ, ಒಬ್ಬರಿಗೆ ಹಾಕಿದ್ದು ಇನ್ನೊಬ್ಬರಿಗಿಲ್ಲ.

ಕೊನೆಗೆ ಗಾಳಿ ಊದಿ ಕುಳಿ ಒಣಗಿಸಿ, ಒಳಗೆ ಇಂಡಿಕೇಟರ್ ಪಟ್ಟಿ ಇಟ್ಟು ಪೌಚ್ ಮಾಡಿ, ಆಟೋಕ್ಲೇವ್‌ನಲ್ಲಿ 121 ಡಿಗ್ರಿ, 15 ಪೌಂಡ್ ಒತ್ತಡ, 20 ನಿಮಿಷ. ನಮ್ಮ ಮಳೆಗಾಲದಲ್ಲಿ ಕರೆಂಟ್ ನಡುವೆ ಹೋಗುತ್ತದೆ, ಇನ್ವರ್ಟರ್ ಆಟೋಕ್ಲೇವ್ ಎಳೆಯುವುದಿಲ್ಲ. ಸೈಕಲ್ ಮುರಿದರೆ ಹೊಸ ಪೌಚ್, ಹೊಸ ಸೈಕಲ್. ಹಸಿ ಪೌಚ್ ಕಪಾಟಿಗೆ ಹೋದರೆ ತೇವದ ಜೊತೆ ಹೊರಗಿನ ಬ್ಯಾಕ್ಟೀರಿಯಾ ಕಾಗದ ದಾಟುತ್ತವೆ. ಅದಕ್ಕೆ ಜೂನ್‌ನಿಂದ ಆಗಸ್ಟ್‌ವರೆಗೆ ಒಣಗಿಸುವ ಸಮಯ ಹತ್ತು ನಿಮಿಷ ಜಾಸ್ತಿ ಇಡುತ್ತೇನೆ.