ಕಿನ್ನಾಳದ ಮನೆಯ ಬೆಳಕಿಗೆ ಹೊಂದಿದ ಕ್ಯಾಮೆರಾ

ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳದ ಚಿತ್ರಗಾರರ ಮನೆಯೊಂದರ ಪಡಸಾಲೆಯಲ್ಲಿ ಹಿರಿಯ ಹೆಂಗಸೊಬ್ಬರು ಗರುಡನ ಗೊಂಬೆಗೆ ಕಣ್ಣು ಬರೆಯುತ್ತಿದ್ದರು. ಬಾಗಿಲಿನಿಂದ ಬರುವ ಬೆಳಕು ಅವರ ಎಡಗೈಯ ಮೇಲೆ ಮಾತ್ರ ಬೀಳುತ್ತಿತ್ತು. ಕುಂಚ ಹಿಡಿದ ಬಲಗೈ ಅರೆಗತ್ತಲಲ್ಲಿತ್ತು. ಮೊಬೈಲಿನಲ್ಲಿ ಹತ್ತು ಚಿತ್ರ ತೆಗೆದೆ. ಹತ್ತರಲ್ಲೂ ಗೊಂಬೆ ಚೆನ್ನಾಗಿ ಬಂದಿತ್ತು, ಕೈ ಮಾತ್ರ ಕಲಸಿಹೋಗಿತ್ತು. ನನಗೆ ಬೇಕಾಗಿದ್ದುದು ಆ ಕೈ.

ನಾನು ಕೊಪ್ಪಳದಲ್ಲಿ ಚಿತ್ರಕಲಾ ಶಿಕ್ಷಕ. ಹಗುರವಾದ ಮರವನ್ನು ಕೆತ್ತಿ, ಸೆಣಬಿನ ಪುಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟು ಕಲಸಿದ ‘ಕಿಟ್ಟ’ದಿಂದ ಭಾಗಗಳನ್ನು ಜೋಡಿಸಿ, ಬೆಣಚುಕಲ್ಲಿನ ಪುಡಿಯ ಲೇಪದಿಂದ ಒಡವೆಗಳ ಉಬ್ಬು ಮೂಡಿಸಿ, ಕೊನೆಗೆ ಬಣ್ಣ ಹಾಕುವ ಈ ಕೆಲಸವನ್ನು ಹಂತಹಂತವಾಗಿ ಮಕ್ಕಳಿಗೆ ತೋರಿಸಬೇಕು ಎಂಬ ಆಸೆ ಬಹಳ ದಿನಗಳದ್ದು. ಒಳಗೆ ಕನ್ನಡಿಯಿರುವ, ಲೆನ್ಸ್ ಬದಲಿಸಬಹುದಾದ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಳ್ಳಬೇಕು ಎಂದು ಆ ದಿನವೇ ನಿರ್ಧರಿಸಿದೆ. ಒಟ್ಟು ಮೂವತ್ತು ಸಾವಿರ ರೂಪಾಯಿ ಒದಗಿಸಬಲ್ಲೆನಾಗಿದ್ದೆ. ಅದಕ್ಕಿಂತ ಒಂದು ರೂಪಾಯಿಯೂ ಹೆಚ್ಚಿಲ್ಲ.

ಮೊದಲ ತಿಂಗಳು ಹಾಳಾಯಿತು. ಎಷ್ಟು ಮೆಗಾಪಿಕ್ಸೆಲ್, ಎಷ್ಟು ಫೋಕಸ್ ಬಿಂದು, ಸೆಕೆಂಡಿಗೆ ಎಷ್ಟು ಚಿತ್ರ ಎಂದು ಪುಸ್ತಕದಲ್ಲಿ ಗೆರೆ ಎಳೆದು ಪಟ್ಟಿ ಮಾಡಿದೆ. ಕ್ಯಾನನ್ 1500ಡಿಯಲ್ಲಿ 24.1 ಮೆಗಾಪಿಕ್ಸೆಲ್, ನಿಕಾನ್ ಡಿ3500ರಲ್ಲಿ 24.2. ಒಂದರಲ್ಲಿ 9 ಫೋಕಸ್ ಬಿಂದು, ಇನ್ನೊಂದರಲ್ಲಿ 11. ಒಂದು ಸೆಕೆಂಡಿಗೆ 3 ಚಿತ್ರ ತೆಗೆಯುತ್ತದೆ, ಇನ್ನೊಂದು 5. ಇಷ್ಟು ಬರೆದುಕೊಂಡ ಮೇಲೂ ಅರೆಗತ್ತಲಲ್ಲಿರುವ ಆ ಬಲಗೈ ಯಾವುದರಲ್ಲಿ ಸ್ಪಷ್ಟವಾಗಿ ಬರುತ್ತದೆ ಎಂಬುದು ನನ್ನ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ.

ದಾರಿ ತೋರಿಸಿದವರು ಪರಿಚಯದ ಸ್ಟುಡಿಯೋದವರು. ಆಷಾಢ ಬಂದಿತ್ತು. ಮದುವೆಗಳಿಲ್ಲದೆ ಅವರ ಕ್ಯಾಮೆರಾಗಳು ಬೀರುವಿನಲ್ಲಿ ಮಲಗಿದ್ದವು. “ಕೊಳ್ಳುವ ಮಾತು ಆಮೇಲೆ ಸರ್, ಮೊದಲು ಎರಡನ್ನೂ ಒಯ್ದು ನಿಮ್ಮ ಜಾಗದಲ್ಲಿ ತೆಗೆದು ನೋಡಿ” ಎಂದು 1500ಡಿ ಮತ್ತು ಡಿ3500 ಎರಡನ್ನೂ ಮೂರು ದಿನಗಳ ಮಟ್ಟಿಗೆ ಕೈಗಿತ್ತರು. ಹೊಸಬರು ಯಾರೇ ಕೇಳಿದರೂ ನಾನು ಇದನ್ನೇ ಹೇಳುತ್ತೇನೆ: ಆಷಾಢದಲ್ಲೋ ಪಿತೃಪಕ್ಷದಲ್ಲೋ ನಿಮ್ಮೂರಿನ ಸ್ಟುಡಿಯೋಗೆ ಹೋಗಿ ಕೇಳಿ. ಅಗತ್ಯವಿದ್ದರೆ ಬಾಡಿಗೆ ಕೊಡಿ. ಅಂಗಡಿಯ ಗಾಜಿನ ಮೇಜಿನ ಮುಂದೆ ನಿಂತು ಐದು ನಿಮಿಷ ಹಿಡಿದು ನೋಡಿದರೆ ಏನೂ ತಿಳಿಯುವುದಿಲ್ಲ.

ಒಂದು ಸಣ್ಣ ವಿಷಯವನ್ನೂ ಅವರೇ ಕಲಿಸಿದರು. ನಾನು ಕನ್ನಡಕ ಹಾಕುವವನು. ಕನ್ನಡಕ ತೆಗೆದು ವ್ಯೂಫೈಂಡರಿನಲ್ಲಿ ಕಣ್ಣಿಟ್ಟರೆ ಎಲ್ಲವೂ ಮಸುಕು. ಲೆನ್ಸ್ ಕೆಟ್ಟಿದೆ ಎಂದುಕೊಂಡೆ. ವ್ಯೂಫೈಂಡರಿನ ಪಕ್ಕದಲ್ಲಿದ್ದ ಕಾಳಿನಷ್ಟು ಸಣ್ಣ ಚಕ್ರವನ್ನು ಅವರು ಉಗುರಿನಿಂದ ತಿರುಗಿಸಿದರು. ಒಳಗಿನ ಅಂಕಿಗಳು ಒಮ್ಮೆಲೇ ಚುಚ್ಚಿದಂತೆ ಸ್ಪಷ್ಟವಾದವು. ಅದಕ್ಕೆ ಡಯಾಪ್ಟರ್ ಎನ್ನುತ್ತಾರೆ. ಕನ್ನಡಕದವರು ಕ್ಯಾಮೆರಾ ಹಿಡಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಅದನ್ನು ತಿರುಗಿಸುವುದು.

ಮೊದಲ ದಿನ ಇಟಗಿಗೆ ಹೋದೆ. ಚಾಳುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಅಲ್ಲಿನ ದೇವಾಲಯವನ್ನು ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗಿನ ನವರಂಗದಲ್ಲಿ ಕತ್ತಲು. ಟ್ರೈಪಾಡ್ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ನನ್ನಲ್ಲಿ ಅದಿರಲಿಲ್ಲ. ಆದರೂ ಎರಡು ಕ್ಯಾಮೆರಾಗಳೂ ಅಲ್ಲಿ ಗೆದ್ದವು. ಅವುಗಳ ಜೊತೆಗೆ ಬಂದ 18-55 ಮಿ.ಮೀ. ಲೆನ್ಸ್‌ಗಳಲ್ಲಿ ಕೈಯ ನಡುಕವನ್ನು ಸರಿದೂಗಿಸುವ ವ್ಯವಸ್ಥೆ ಇತ್ತು. ಕ್ಯಾನನ್ ಅದನ್ನು ಐಎಸ್ ಎನ್ನುತ್ತದೆ, ನಿಕಾನ್ ವಿಆರ್ ಎನ್ನುತ್ತದೆ. ಲೆನ್ಸನ್ನು ಅತಿ ಅಗಲದ ನೋಟವಾದ 18ಕ್ಕೆ ಇಟ್ಟು, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರು ಬಿಟ್ಟ ಗಳಿಗೆಯಲ್ಲಿ ಗುಂಡಿ ಅದುಮಿದರೆ, ಸೆಕೆಂಡಿನ ಎಂಟನೇ ಒಂದು ಭಾಗದಷ್ಟು ನಿಧಾನದ ಶಟರಿನಲ್ಲೂ ಕಂಬದ ಸಣ್ಣ ಕೆತ್ತನೆ ಸ್ಪಷ್ಟವಾಗಿ ಬಂತು. ಅದೇ ಎರಡು ಬಗೆಯ ಲೆನ್ಸ್‌ಗಳು ಈ ವ್ಯವಸ್ಥೆ ಇಲ್ಲದೆಯೂ ಮಾರುಕಟ್ಟೆಯಲ್ಲಿವೆ, ನೋಡಲು ಹೆಚ್ಚು ಕಡಿಮೆ ಒಂದೇ ತೆರ. ಕೊಳ್ಳುವಾಗ ಲೆನ್ಸಿನ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದಿ.

ಮರುದಿನ ಕಿನ್ನಾಳದಲ್ಲಿ ಎರಡೂ ಸೋತವು. ಕಾರಣ ಆಗ ಹೊಳೆಯಿತು. ಇಟಗಿಯ ಕಂಬ ಅಲುಗುವುದಿಲ್ಲ, ಅಲುಗುವುದು ನನ್ನ ಕೈ. ನನ್ನ ಕೈಯ ನಡುಕಕ್ಕೆ ಲೆನ್ಸಿನಲ್ಲಿ ಮದ್ದಿದೆ. ಕಿನ್ನಾಳದಲ್ಲಿ ಅಲುಗುವುದು ಕುಂಚ ಹಿಡಿದ ಕೈ. ಅದಕ್ಕೆ ಯಾವ ಐಎಸ್ಸೂ ವಿಆರೂ ಮದ್ದಲ್ಲ, ಶಟರ್ ಬೇಗ ಮುಚ್ಚಬೇಕು. ಶಟರ್ ಬೇಗ ಮುಚ್ಚಬೇಕಾದರೆ ಲೆನ್ಸ್ ಹೆಚ್ಚು ಬೆಳಕನ್ನು ಒಳಗೆ ಬಿಡಬೇಕು. ಜೊತೆಗೆ ಬರುವ ಲೆನ್ಸನ್ನು 35 ಮಿ.ಮೀ.ಗೆ ತಂದಾಗ ಅದರ ಕಿಂಡಿ ಹೆಚ್ಚೆಂದರೆ ಎಫ್ 5ರ ಸುಮಾರಿಗೆ ತೆರೆಯುತ್ತದೆ. ಎಫ್‌ನ ಅಂಕಿ ಕಿರಿದಾದಷ್ಟೂ ಕಿಂಡಿ ದೊಡ್ಡದು. ಆ ಪಡಸಾಲೆಯಲ್ಲಿ, ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂದು ಹೇಳುವ ಐಎಸ್‌ಒವನ್ನು 1600ಕ್ಕೆ ಏರಿಸಿದರೂ ನನಗೆ ಸಿಕ್ಕ ವೇಗ 1/15 ಸೆಕೆಂಡ್. ಎಫ್ 1.8ರಷ್ಟು ತೆರೆಯುವ ಲೆನ್ಸ್ ಹಾಕಿದರೆ ಸುಮಾರು ಎಂಟು ಪಟ್ಟು ಬೆಳಕು ಬರುತ್ತದೆ. ಅಂದರೆ ಅದೇ ಜಾಗದಲ್ಲಿ ಸುಮಾರು 1/125. ಗೊಂಬೆಯ ಕಣ್ಣಿಗೆ ರೇಖೆ ಎಳೆಯುವ ಕೈಯನ್ನು ಹಿಡಿಯಲು ಅಷ್ಟು ಸಾಕು.

ಫ್ಲ್ಯಾಶ್ ಹಾಕಬಹುದಿತ್ತಲ್ಲ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಹಾಕಿ ನೋಡಿದ್ದೆ. ಹಸಿ ಬಣ್ಣದ ಮೇಲೆ ಬಿಳಿಯ ಚುಕ್ಕೆ ಹೊಳೆಯಿತು, ಲೇಪದ ಉಬ್ಬು ಚಪ್ಪಟೆಯಾಯಿತು. ಅದಕ್ಕಿಂತ ಮುಖ್ಯವಾಗಿ, ಆ ತಾಯಿ ಬೆಚ್ಚಿ ಕುಂಚವನ್ನು ಹಿಂದಕ್ಕೆಳೆದುಕೊಂಡರು. ಒಬ್ಬರ ಕಸುಬಿನ ನಡುವೆ ಹೋಗಿ ಹಾಗೆ ಮಾಡಲು ನನಗೆ ಮನಸ್ಸಾಗಲಿಲ್ಲ.

ಹೀಗೆ ಕ್ಯಾಮೆರಾ ಆರಿಸುವ ಕೆಲಸ ಲೆನ್ಸ್ ಆರಿಸುವ ಕೆಲಸವಾಯಿತು. ಕ್ಯಾನನ್‌ನಲ್ಲಿ 50 ಮಿ.ಮೀ. ಎಫ್ 1.8 ಲೆನ್ಸ್ ಅಗ್ಗ, ಹೆಸರುವಾಸಿ, ಒಳ್ಳೆಯದೂ ಹೌದು. ಆದರೆ ಈ ದರ್ಜೆಯ ಕ್ಯಾಮೆರಾಗಳಲ್ಲಿ ಬೆಳಕನ್ನು ಹಿಡಿಯುವ ಸೆನ್ಸರ್ ಚಿಕ್ಕದು. ಹಳೆಯ ಫಿಲ್ಮ್ ಕ್ಯಾಮೆರಾದ ನೋಟಕ್ಕೆ ಹೋಲಿಸಲು ಕ್ಯಾನನ್‌ನಲ್ಲಿ 1.6ರಿಂದ ಗುಣಿಸಬೇಕು, 50 ಮಿ.ಮೀ. ಲೆನ್ಸಿನ ನೋಟ 80 ಮಿ.ಮೀ.ನಷ್ಟು ಕಿರಿದಾಗುತ್ತದೆ. ಸ್ಟುಡಿಯೋದವರ ಹತ್ತಿರ ಆ ಲೆನ್ಸೂ ಇತ್ತು, ಒಯ್ದಿದ್ದೆ. ಎಂಟು ಅಡಿ ಅಗಲದ ಪಡಸಾಲೆಯಲ್ಲಿ ಬೆನ್ನು ಗೋಡೆಗೆ ತಾಗುವವರೆಗೆ ಹಿಂದೆ ಸರಿದರೂ ಮುಖ, ಕೈ, ಗೊಂಬೆ ಮೂರೂ ಒಟ್ಟಿಗೆ ನನಗೆ ಬೇಕಾದಂತೆ ಕೂಡಿಬರಲಿಲ್ಲ. ಒಬ್ಬರ ಮುಖವನ್ನಷ್ಟೇ ತೆಗೆಯುವವರಿಗೆ ಅದೇ ಲೆನ್ಸ್ ವರ. ನಿಕಾನ್‌ನಲ್ಲಿ ಈ ಚಿಕ್ಕ ಸೆನ್ಸರಿಗೆಂದೇ ಮಾಡಿದ 35 ಮಿ.ಮೀ. ಎಫ್ 1.8 ಲೆನ್ಸ್ ಇದೆ. ಅಲ್ಲಿ ಗುಣಿಸಬೇಕಾದದ್ದು 1.5, ನೋಟ ಸುಮಾರು 52 ಮಿ.ಮೀ.ನಷ್ಟು. ನಮ್ಮ ಕಡೆಯ ಮನೆಗಳ ಒಳಗೆ ಕುಳಿತು ಕೆಲಸ ಮಾಡುವವರನ್ನು ತೆಗೆಯಲು ಅದಕ್ಕಿಂತ ಹೊಂದುವ ಅಗ್ಗದ ಲೆನ್ಸ್ ನಾನು ಕಂಡಿಲ್ಲ.

ಬ್ಯಾಟರಿಯ ಮಾತೂ ನಿಕಾನ್ ಕಡೆಗೇ ವಾಲಿತು. ಒಮ್ಮೆ ಚಾರ್ಜ್ ಮಾಡಿದರೆ ಕಂಪನಿಗಳು ಹೇಳುವಂತೆ 1500ಡಿ ಸುಮಾರು 500 ಚಿತ್ರ ತೆಗೆಯುತ್ತದೆ, ಡಿ3500 ಸುಮಾರು 1,550. ಮಕ್ಕಳನ್ನು ಕರೆದುಕೊಂಡು ಆನೆಗೊಂದಿಗೋ ಹಿರೇಬೆಣಕಲ್ಲಿನ ಶಿಲಾಸಮಾಧಿಗಳಿಗೋ ಹೋಗಿ ಇಡೀ ದಿನ ಬಂಡೆಗಳ ನಡುವೆ ಇರುವವನಿಗೆ ಇದು ಸಣ್ಣ ವ್ಯತ್ಯಾಸವಲ್ಲ. ವಿಡಿಯೋ ಮುಖ್ಯ ಎನ್ನುವವರಿಗೆ ಮಾತ್ರ ಈ ಎರಡೂ ಬೇಡ, ಇವುಗಳಲ್ಲಿ ಹೊರಗಿನ ಮೈಕ್ ಸಿಕ್ಕಿಸಲು ಜಾಗವೇ ಇಲ್ಲ. ಅವರು ಕ್ಯಾನನ್ 200ಡಿ ಮಾರ್ಕ್ 2 ಹುಡುಕುವುದು ಸರಿ. ಅದರ ಪರದೆಯೂ ಹೊರಗೆ ತಿರುಗುತ್ತದೆ.

ಹೊಸ ಡಿ3500 ಮತ್ತು 35 ಮಿ.ಮೀ. ಲೆನ್ಸ್ ಎರಡೂ ಸೇರಿದರೆ ನನ್ನ ಮೂವತ್ತು ಸಾವಿರ ಸಾಲುತ್ತಿರಲಿಲ್ಲ. ಆದ್ದರಿಂದ ಬಳಸಿದ್ದನ್ನು ಕೊಳ್ಳಲು ಹೊರಟೆ. ಮದುವೆ ಚಿತ್ರ ತೆಗೆಯುವವರೆಲ್ಲ ಆಗ ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಕಡೆಗೆ ಹೊರಳುತ್ತಿದ್ದರು, ಒಳ್ಳೆಯ ಡಿಎಸ್‌ಎಲ್‌ಆರ್‌ಗಳು ಕಡಿಮೆ ಬೆಲೆಗೆ ಬರುತ್ತಿದ್ದವು. ಡಿ3500ರ ತಯಾರಿಕೆ ಈಗ ನಿಂತಿರುವುದರಿಂದ ಇಂದಿನ ಹೊಸಬರಿಗೂ ಇದೇ ದಾರಿ.

ಬೇರೆ ಊರಿನ ಅಂಗಡಿಯೊಂದರಲ್ಲಿ ಮೋಸಹೋಗುವುದು ಸ್ವಲ್ಪದರಲ್ಲಿ ತಪ್ಪಿತು. “35 ಯಾಕೆ ಸರ್, ಅದರ ಅರ್ಧ ಬೆಲೆಗೆ ನಿಕಾನಿನದೇ 50 ಎಫ್ 1.8 ಕೊಡುತ್ತೇನೆ” ಎಂದು ಅಂಗಡಿಯವರು ಹಳೆಯ ಲೆನ್ಸೊಂದನ್ನು ಮುಂದಿಟ್ಟರು. ಬೆಲೆ ಕೇಳಿ ಮನಸ್ಸು ಅತ್ತ ಜಾರಿತು. ಕ್ಯಾಮೆರಾಕ್ಕೆ ಹಾಕಿ ಗುಂಡಿಯನ್ನು ಅರ್ಧ ಅದುಮಿದೆ. ಸದ್ದಿಲ್ಲ, ಚಲನೆಯಿಲ್ಲ. ಡಿ3500ರ ಒಳಗೆ ಫೋಕಸ್ ಮೋಟಾರ್ ಇಲ್ಲ, ಮೋಟಾರ್ ಲೆನ್ಸಿನಲ್ಲೇ ಇರಬೇಕು. ‘ಎಎಫ್-ಎಸ್’ ಅಥವಾ ‘ಎಎಫ್-ಪಿ’ ಎಂದು ಬರೆದ ನಿಕಾನ್ ಲೆನ್ಸ್‌ಗಳಲ್ಲಿ ಅದಿರುತ್ತದೆ. ಬರೀ ‘ಎಎಫ್’ ಎಂದಿರುವ ಹಳೆಯ ಲೆನ್ಸ್‌ಗಳನ್ನು ಈ ಕ್ಯಾಮೆರಾದಲ್ಲಿ ಕೈಯಿಂದಲೇ ತಿರುಗಿಸಿ ಫೋಕಸ್ ಮಾಡಬೇಕು. ಅಂಗಡಿಯವರಿಗೆ ಇದು ಗೊತ್ತಿರಲಿಲ್ಲ ಎಂದು ನಾನು ನಂಬುವುದಿಲ್ಲ.

ಕೊನೆಗೆ ನಮ್ಮ ಸ್ಟುಡಿಯೋದವರ ಪರಿಚಯದ ಛಾಯಾಗ್ರಾಹಕರೊಬ್ಬರು ತಮ್ಮ ಡಿ3500 ಮಾರುವುದಾಗಿ ತಿಳಿಯಿತು. ನೋಡಲು ಹೋದಾಗ ಮಾಡಿದ್ದು ಇಷ್ಟು. ಒಂದು ಚಿತ್ರ ತೆಗೆದು, ಆ ಕಡತವನ್ನು ಹಾಗೆಯೇ ಕಂಪ್ಯೂಟರಿಗೆ ಹಾಕಿ, ಈವರೆಗೆ ಶಟರ್ ಎಷ್ಟು ಸಲ ಬಡಿದಿದೆ ಎಂದು ನೋಡಿದೆ. ನಿಕಾನ್ ಆ ಲೆಕ್ಕವನ್ನು ಪ್ರತಿ ಚಿತ್ರದ ಒಳಗೇ ಬರೆದಿಡುತ್ತದೆ. ಹದಿನೆಂಟು ಸಾವಿರ ತೋರಿಸಿತು. ಈ ದರ್ಜೆಯ ಕ್ಯಾಮೆರಾಗಳ ಶಟರ್ ಒಂದು ಲಕ್ಷದವರೆಗೆ ಬಾಳುತ್ತದೆ ಎನ್ನುವ ಲೆಕ್ಕದಲ್ಲಿ ಅದಿನ್ನೂ ಎಳೆಯದು. ಕಿಂಡಿಯನ್ನು ಎಫ್ 22ಕ್ಕೆ ಕಿರಿದಾಗಿಸಿ ಬರಿಯ ಆಕಾಶದ ಚಿತ್ರ ತೆಗೆದೆ. ಮೂಲೆಯಲ್ಲಿ ಮೂರು ಮಸುಕು ಚುಕ್ಕೆ ಕಂಡವು. ಅದು ಸೆನ್ಸರಿನ ಮೇಲಿನ ದೂಳು, ಸ್ವಚ್ಛ ಮಾಡಿದರೆ ಹೋಗುವಂಥದ್ದು. ಲೆನ್ಸನ್ನು ಬಿಚ್ಚಿ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು, ಜೇಡರ ಬಲೆಯಂಥ ಬೂಷ್ಟು ಇದೆಯೇ ಎಂದು ನೋಡಿದೆ. ಇರಲಿಲ್ಲ. ಕ್ಯಾಮೆರಾ ಮತ್ತು 18-55 ಸೇರಿ ಇಪ್ಪತ್ತೊಂದು ಸಾವಿರಕ್ಕೆ ಮಾತು ಮುಗಿಯಿತು. ಇನ್ನೊಬ್ಬರಿಂದ ಬಳಸಿದ 35 ಮಿ.ಮೀ. ಲೆನ್ಸ್ ಏಳೂವರೆ ಸಾವಿರಕ್ಕೆ ಸಿಕ್ಕಿತು. ಉಳಿದ ಹಣದಲ್ಲಿ ಮೆಮೊರಿ ಕಾರ್ಡ್ ಮತ್ತು ದೂಳು ಊದಿ ತೆಗೆಯುವ ರಬ್ಬರಿನ ಗಾಳಿಬುರುಡೆ ಕೊಂಡೆ.

ಗಾಳಿಬುರುಡೆ ನಮ್ಮ ಜಿಲ್ಲೆಯಲ್ಲಿ ಐಷಾರಾಮದ ವಸ್ತುವಲ್ಲ. ಬೇಸಿಗೆಯಲ್ಲಿ ಕೆಮ್ಮಣ್ಣಿನ ದೂಳು, ಗಿಣಿಗೇರಿಯ ಕಡೆ ಹೋದರೆ ಕಾರ್ಖಾನೆಗಳ ಕಪ್ಪು ಪುಡಿ. ಡಿ3500ರಲ್ಲಿ ಸೆನ್ಸರನ್ನು ತಾನೇ ಕೊಡವಿಕೊಳ್ಳುವ ಏರ್ಪಾಡು ಇಲ್ಲ. ಲೆನ್ಸ್ ಬದಲಿಸುವಾಗ ಕ್ಯಾಮೆರಾ ಬಂದ್ ಮಾಡಿ, ಬಾಯಿ ಕೆಳಗೆ ಮಾಡಿ ಹಿಡಿಯುತ್ತೇನೆ. ಬಸ್ಸಿನಲ್ಲಿ, ಬಯಲಿನಲ್ಲಿ ಬದಲಿಸುವುದೇ ಇಲ್ಲ. ಕಿನ್ನಾಳಕ್ಕೆ ಹೊರಡುವ ದಿನ 35 ಮಿ.ಮೀ. ಲೆನ್ಸನ್ನು ಮನೆಯಲ್ಲೇ ಹಾಕಿಕೊಂಡು ಹೋಗುತ್ತೇನೆ.

ಹಾಗೆ ಹೋದ ಮೊದಲ ದಿನವೇ ಕೈ ಸಿಕ್ಕಿತು. ಎಫ್ 2, 1/100, ಐಎಸ್‌ಒ 1600. ಹೆಬ್ಬೆರಳ ಉಗುರಿನಲ್ಲಿ ಸಿಕ್ಕ ಒಣ ಬಣ್ಣ, ಕುಂಚದ ತುದಿಯ ಮೂರೋ ನಾಲ್ಕೋ ಕೂದಲು, ಗರುಡನ ಕಣ್ಣಿನ ಅರ್ಧ ಎಳೆದ ರೇಖೆ. ಚಿತ್ರವನ್ನು ಅಚ್ಚು ಹಾಕಿಸಿ ಮುಂದಿನ ವಾರ ಒಯ್ದು ಕೊಟ್ಟೆ. ಆ ತಾಯಿ ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಕೈ ನನ್ನದೇ. ಆದರೆ ಈ ಹಳದಿ ನಮ್ಮದಲ್ಲಪ್ಪಾ” ಎಂದರು.

ನೋಡಿದರೆ ಅವರ ಮಾತು ನಿಜ. ಟ್ಯೂಬ್‌ಲೈಟಿನ ಬೆಳಕೂ ಬಾಗಿಲಿನ ಬೆಳಕೂ ಬೆರೆತು, ಹಳದಿಗೆ ಹಸಿರಿನ ಛಾಯೆ ಬಂದಿತ್ತು. ಬಿಳಿ ಯಾವುದು ಎಂದು ತೀರ್ಮಾನಿಸುವ ಕೆಲಸವನ್ನು ನಾನು ಕ್ಯಾಮೆರಾಕ್ಕೇ ಬಿಟ್ಟಿದ್ದೆ. ಬಣ್ಣ ಕಲಿಸುವ ಮೇಷ್ಟ್ರಾಗಿ ಅದನ್ನು ನಾನೇ ಗಮನಿಸಬೇಕಿತ್ತು. ಅಂದಿನಿಂದ ಚೀಲದಲ್ಲಿ ಒಂದು ಹಾಳೆ ಬಿಳಿ ಡ್ರಾಯಿಂಗ್ ಕಾಗದ ಇರುತ್ತದೆ. ಹೋದ ಕೂಡಲೇ ಅದನ್ನು ಗೊಂಬೆಯ ಪಕ್ಕದಲ್ಲಿ ಹಿಡಿದು, ವೈಟ್ ಬ್ಯಾಲೆನ್ಸ್ ಅಳೆದು, ಸಾಧ್ಯವಾದರೆ “ಅವ್ವಾ, ಲೈಟು ಆರಿಸಲೇ?” ಎಂದು ಕೇಳಿ ಬಾಗಿಲಿನ ಬೆಳಕೊಂದನ್ನೇ ಉಳಿಸಿಕೊಳ್ಳುತ್ತೇನೆ. ಎರಡನೆಯ ಸಲ ಒಯ್ದ ಅಚ್ಚನ್ನು ಅವರು ಬಣ್ಣದ ಬಟ್ಟಲಿನ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ, ಏನೂ ಹೇಳದೆ ಗೋಡೆಯ ಗೂಡಿನಲ್ಲಿ ಇಟ್ಟುಕೊಂಡರು.