ಆಪರೇಷನ್ ಮಾಡದೆ ಕಾದ ರಾತ್ರಿ

ಎಂಟು ವರ್ಷದ ಹುಡುಗ. ಸೈಕಲ್‌ನಿಂದ ಬೀಳುವಾಗ ಹ್ಯಾಂಡಲ್‌ನ ತುದಿ ಹೊಟ್ಟೆಗೆ ಗುದ್ದಿತ್ತು. ಬಲ ಪಕ್ಕೆಯ ಕೆಳಗೆ ನಾಣ್ಯದಷ್ಟು ಕೆಂಪು ಗುರುತು, ಅಷ್ಟೇ. ಆದರೆ ಬಲ ಭುಜ ನೋಯುತ್ತದೆ ಅಂತ ಅಳುತ್ತಿದ್ದ. ಭುಜಕ್ಕೆ ಪೆಟ್ಟೇ ಬಿದ್ದಿರಲಿಲ್ಲ. ಹೊಟ್ಟೆಯೊಳಗೆ ಸೋರಿದ ರಕ್ತ ವಪೆಗೆ (ಎದೆ, ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ) ತಾಗಿದರೆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ.

ಬಿಪಿ ಸರಿಯಾಗಿತ್ತು. ನಾನು ಅದನ್ನು ನಂಬಲಿಲ್ಲ. ಮಕ್ಕಳಲ್ಲಿ ಸಾಕಷ್ಟು ರಕ್ತ ಹೋದ ಮೇಲೂ ಬಿಪಿ ಹಾಗೇ ಇರುತ್ತದೆ, ಆಮೇಲೆ ಒಮ್ಮೆಲೇ ಕುಸಿಯುತ್ತದೆ. ನಾಡಿ 140 ಇತ್ತು, ಕೈಕಾಲು ತಣ್ಣಗಿದ್ದವು. ರಕ್ತ ಕೊಟ್ಟೆವು. ನಾಡಿ 110ಕ್ಕೆ ಇಳಿದು ಅಲ್ಲೇ ನಿಂತಿತು. ಆಮೇಲೆಯೇ ಸಿ.ಟಿ. ಸ್ಕ್ಯಾನ್‌ಗೆ ಕಳಿಸಿದೆ. ಲಿವರ್‌ನ ಬಲಭಾಗ ಆಳವಾಗಿ ಸೀಳಿತ್ತು. ಗಾಯದ ತೀವ್ರತೆ ಅಳೆಯುವ ಲೆಕ್ಕದಲ್ಲಿ 4ನೇ ಗ್ರೇಡ್, ಅಂದರೆ ಗಂಭೀರ.

“ಸುಮ್ನೆ ನೋಡ್ತಾ ಇದ್ದೀರಲ್ಲ ಡಾಕ್ಟ್ರೇ, ಆಪರೇಷನ್ ಮಾಡಲ್ವಾ?” ಅಂದರು ಅಪ್ಪ.

ಕಲಿಯುವ ದಿನಗಳಲ್ಲಿ ಇಂಥ ಹೊಟ್ಟೆಗಳನ್ನು ತೆರೆದದ್ದು ನೋಡಿದ್ದೆ. ಎಷ್ಟೋ ಸಲ ರಕ್ತ ತಾನಾಗೇ ನಿಂತಿರುತ್ತಿತ್ತು. ಹೆಪ್ಪು ಸರಿಸಿದೆವೋ, ಮತ್ತೆ ಶುರು. ಹಾಗಾಗಿ ಈಗ ನಾನು ಗ್ರೇಡ್‌ಗಿಂತ ಮಗುವನ್ನು ಜಾಸ್ತಿ ನೋಡುತ್ತೇನೆ. ಆದರೆ ಥಿಯೇಟರ್ ಸಿದ್ಧ ಇಟ್ಟೇ ಕಾಯುವುದು. ಹುಡುಗ 24 ಕೆ.ಜಿ. ಇದ್ದ; ಮೈಯಲ್ಲಿರುವ ರಕ್ತ ಸುಮಾರು 1,900 ಮಿ.ಲೀ. ಅದರ ಅರ್ಧದಷ್ಟು ಕೊಟ್ಟ ಮೇಲೂ ನಾಡಿ ಇಳಿದು ಒಂದು ಹದಕ್ಕೆ ಬರದಿದ್ದರೆ ಹೊಟ್ಟೆ ತೆರೆಯುವುದು ಎಂದು ಮೊದಲೇ ಬರೆದಿಟ್ಟೆ. ನಡುರಾತ್ರಿಯ ಗಾಬರಿಯಲ್ಲಿ ಲೆಕ್ಕ ತಪ್ಪಬಾರದಲ್ವಾ.

ಆರು ಗಂಟೆಗೊಮ್ಮೆ ಹಿಮೋಗ್ಲೋಬಿನ್ ನೋಡಿದೆವು: 9.2, 8.1, 7.9. ಬೆಳಗ್ಗೆ ಮತ್ತೆ 7.9. ಆಗ ಹೋಗಿ ಕಾಫಿ ಕುಡಿದೆ.

ಆರನೇ ದಿನ ಮನೆಗೆ ಕಳಿಸುವಾಗ ಆರು ವಾರ ಓಟ, ಆಟ, ಸೈಕಲ್ ಬೇಡ ಅಂದೆ. ಇಲ್ಲಿ ನಾನೊಂದು ತಪ್ಪು ಮಾಡಿದೆ. ಕಪ್ಪು ಮಲ, ಜ್ವರ, ಕಣ್ಣು ಹಳದಿಯಾಗುವುದು, ಇವು ಕಂಡರೆ ತಕ್ಷಣ ಬನ್ನಿ ಅಂತ ಹೇಳಲಿಲ್ಲ. ಹತ್ತನೇ ದಿನ ಮಲ ಡಾಂಬರಿನಂತೆ ಕಪ್ಪಗಾಯಿತು. ಮಾತ್ರೆಯಿಂದ ಇರಬೇಕು ಅಂತ ತಾಯಿ ಒಂದು ದಿನ ಕಾದರು. ಲಿವರ್‌ನೊಳಗೆ ಗಾಯಗೊಂಡ ರಕ್ತನಾಳವೊಂದು ಉಬ್ಬಿ, ಪಿತ್ತನಾಳದೊಳಕ್ಕೆ, ಅಲ್ಲಿಂದ ಕರುಳಿಗೆ ರಕ್ತ ಸೋರುತ್ತಿತ್ತು. ತೊಡೆಸಂದಿಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಸುರುಳಿ ತಂತಿಯಿಂದ ಅದನ್ನು ಮುಚ್ಚಿದರು. ಲಿವರ್‌ಗೆ ರಕ್ತ ಎರಡು ದಾರಿಯಿಂದ ಬರುತ್ತದೆ, ಒಂದು ಕವಲು ಮುಚ್ಚಿದರೂ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಈಗ ಆ ಲಕ್ಷಣಗಳನ್ನು ಚೀಟಿಯಲ್ಲಿ ಬರೆದು ಕೊಡುತ್ತೇನೆ, ಓದಿಸಿಯೂ ನೋಡುತ್ತೇನೆ.

ಮೂರು ತಿಂಗಳ ಮೇಲೆ ಅಲ್ಟ್ರಾಸೌಂಡ್‌ನಲ್ಲಿ ಸೀಳಿನ ಜಾಗದಲ್ಲಿ ತೆಳು ಗೆರೆ ಮಾತ್ರ ಉಳಿದಿತ್ತು. ಹುಡುಗನಿಗೆ ಬೇಕಿದ್ದದ್ದು ಸೈಕಲ್ ಹತ್ತಲು ಅಪ್ಪಣೆ. ಹ್ಯಾಂಡಲ್ ತುದಿಗೆ ರಬ್ಬರ್ ಇದೆಯಾ ಅಂತ ಅಪ್ಪನನ್ನು ಕೇಳಿದೆ. ಕಿತ್ತುಹೋಗಿ ಬರೀ ಕೊಳವೆ ಉಳಿದಿತ್ತಂತೆ, ಇನ್ನೂ ಹಾಗೇ ಇದೆಯಂತೆ.

“ಮೊದಲು ಅದನ್ನು ಹಾಕಿಸಿ” ಅಂದೆ.