ಕರಾವಳಿಯಲ್ಲಿ ಹಳೆ ಮಸಲ್ ಕಾರು: ಮುಂದಿನ ಸಸ್ಪೆನ್ಶನ್ ಮತ್ತು ವೀಲ್ ಅಲೈನ್‌ಮೆಂಟ್

ಸ್ಟೇರಿಂಗ್ ಒಂದು ಕಡೆಗೆ ಎಳೆಯುತ್ತದೆ ಎಂದು ಹಳೆ ಕಾರನ್ನು ಅಲೈನ್‌ಮೆಂಟ್ ಅಂಗಡಿಗೆ ಒಯ್ದರೆ ಹೆಚ್ಚಿನ ಕಡೆ ಟೋ (ಮುಂದಿನ ಗಾಲಿಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಮಾತ್ರ ತಿದ್ದಿ ಕಳಿಸುತ್ತಾರೆ. ಈಗಿನ ಸಣ್ಣ ಕಾರುಗಳಿಗೆ ಬಹುತೇಕ ಅಷ್ಟೇ ಸಾಕು. 1960ರ ದಶಕದ ಕೊನೆಯ ಅಮೆರಿಕದ ಮಸಲ್ ಕಾರುಗಳಾದ (ದೊಡ್ಡ ಎಂಜಿನ್ನಿನ ವೇಗದ ಕಾರು) ಶೆವರ್ಲೆ ಕಮಾರೊ, ಶೆವೆಲ್‌ಗಳಲ್ಲಿ ಕ್ಯಾಸ್ಟರ್, ಕ್ಯಾಂಬರ್, ಟೋ ಮೂರನ್ನೂ ಕೂರಿಸಬೇಕು. ಕ್ಯಾಸ್ಟರ್ ಅಂದರೆ ಪಕ್ಕದಿಂದ ನೋಡಿದಾಗ ಗಾಲಿ ಹೊರಳುವ ಅಕ್ಷದ ವಾಲು, ಮೇಲ್ತುದಿ ಹಿಂದಕ್ಕಿದ್ದರೆ ಪ್ಲಸ್; ಕ್ಯಾಂಬರ್ ಅಂದರೆ ಎದುರಿನಿಂದ ನೋಡಿದಾಗ ಗಾಲಿಯ ವಾಲು, ಮೇಲ್ತುದಿ ಒಳಕ್ಕಿದ್ದರೆ ಮೈನಸ್. ಕೆಳಗಿನ ಅಂಕಿಗಳು ಅವುಗಳಿಗೆ ಸಂಬಂಧಿಸಿದವು. ಹಿಂದುಸ್ತಾನ್ ಮೋಟರ್ಸ್ ಕಂಪನಿಯ ಹಳೆ ಕಾಂಟೆಸಾ ಕಾರಿನಲ್ಲೂ ಮೇಲೊಂದು ಕೆಳಗೊಂದು ಆರ್ಮ್ (ಗಾಲಿಯನ್ನು ಫ್ರೇಮಿಗೆ ಜೋಡಿಸುವ ತೋಳು), ಕಾಯಿಲ್ ಸ್ಪ್ರಿಂಗ್ ಇರುವುದರಿಂದ ಅಳೆಯುವ ವಿಧಾನ ಅದಕ್ಕೂ ನಡೆಯುತ್ತದೆ. ಅಂಕಿ ಮಾತ್ರ ಅದರ ಪುಸ್ತಕದ್ದೇ ಇರಲಿ.

ಮೊದಲು ಲೂಸ್ ಎಲ್ಲಿದೆ ನೋಡಿ. ಜ್ಯಾಕನ್ನು ಕೆಳಗಿನ ಆರ್ಮಿಗೆ, ಗಾಲಿಯ ಹತ್ತಿರ ಕೊಡಿ. ಸ್ಪ್ರಿಂಗ್ ಕೂತಿರುವುದು ಆ ಆರ್ಮಿನ ಮೇಲೆ; ಫ್ರೇಮಿಗೆ ಜ್ಯಾಕ್ ಕೊಟ್ಟರೆ ಸ್ಪ್ರಿಂಗಿನ ಒತ್ತಡ ಬಾಲ್ ಜಾಯಿಂಟಿನ (ಆರ್ಮಿನ ತುದಿಯ ಗುಂಡುಕೀಲು) ಸವೆತವನ್ನು ಮುಚ್ಚಿಡುತ್ತದೆ. ಗಾಲಿಯನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಅಲ್ಲಾಡಿದರೆ ಒಬ್ಬರಿಗೆ ಬ್ರೇಕ್ ಒತ್ತಲು ಹೇಳಿ: ಆಗ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. ಎಡ-ಬಲಕ್ಕೆ ಅಲ್ಲಾಡಿದರೆ ಟೈ ರಾಡ್ ಎಂಡ್ (ಗಾಲಿಯನ್ನು ಹೊರಳಿಸುವ ಸ್ಟೇರಿಂಗ್ ಸರಳಿನ ತುದಿಯ ಕೀಲು) ಅಥವಾ ಐಡ್ಲರ್ ಆರ್ಮ್ (ಆ ಸರಳುಗಳಿಗೆ ಇನ್ನೊಂದು ಬದಿಯ ಆಧಾರ) ನೋಡಿ. ಬೇರಿಂಗ್ ನಟ್ಟನ್ನು ಗಾಲಿ ತಿರುಗಿಸುತ್ತ 16 ನ್ಯೂಟನ್ ಮೀಟರ್‌ವರೆಗೆ ಬಿಗಿಮಾಡಿ, ಪೂರ್ತಿ ಸಡಿಲಿಸಿ, ಮತ್ತೆ ಬೆರಳಿನಿಂದಷ್ಟೇ ಬಿಗಿದು ಹೊಸ ಕಾಟರ್ ಪಿನ್ ಹಾಕಿ.

ಕಾರವಾರ, ಅಂಕೋಲೆಯ ಉಪ್ಪುಗಾಳಿಯಲ್ಲಿ ಆರ್ಮಿನ ಬುಡದ ರಬ್ಬರ್ ಬುಷ್‌ನ ಒಳಗಿನ ಕಬ್ಬಿಣದ ಕೊಳವೆ ಬೋಲ್ಟಿಗೆ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಹಿಂದಿನ ದಿನವೇ ತುಕ್ಕುಬಿಡಿಸುವ ಎಣ್ಣೆ ಬಿಡಿ. ಕೆಳಗಿನ ಆರ್ಮ್ ಬಿಚ್ಚುವುದಿದ್ದರೆ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಕೈಹಾಕಲೇಬೇಡಿ. ಹಾರಿದ ಸ್ಪ್ರಿಂಗ್ ಜೀವ ತೆಗೆಯುತ್ತದೆ. ಬಾಲ್ ಜಾಯಿಂಟಿನ ನಟ್ಟನ್ನು ಕೆಲವು ಎಳೆ ಉಳಿಸಿಕೊಂಡೇ ಸಡಿಲಿಸಿ, ಆರ್ಮಿನ ಕೆಳಗೆ ಜ್ಯಾಕ್ ಇಟ್ಟುಕೊಂಡು, ಗಾಲಿಯನ್ನು ಹೊತ್ತ ಸ್ಟೇರಿಂಗ್ ನಕಲ್‌ನ ಪಕ್ಕಕ್ಕೆ ಸುತ್ತಿಗೆಯಿಂದ ಬಡಿಯಿರಿ. ನಟ್ಟಿನ ಮೇಲೆ ಬಡಿದರೆ ಎಳೆ ಕೆಡುತ್ತದೆ.

ಹೊಸ ರಬ್ಬರ್ ಬುಷ್ ಹಾಕಿದಾಗ ಬಹಳ ಮಂದಿ ತಪ್ಪುವುದು ಒಂದೇ ಕಡೆ: ಗಾಲಿ ಗಾಳಿಯಲ್ಲಿ ತೂಗುತ್ತಿರುವಾಗಲೇ ಬೋಲ್ಟ್ ಪೂರ್ತಿ ಬಿಗಿಯುತ್ತಾರೆ. ಕಾರು ಕೆಳಗಿಳಿದಾಗ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ, ಕಾರಿನ ಎತ್ತರ ಸುಳ್ಳಾಗುತ್ತದೆ, ಬುಷ್ ಬೇಗ ಹರಿಯುತ್ತದೆ. ಕಾರಿನ ಭಾರ ಗಾಲಿಗಳ ಮೇಲೆ ಬಿದ್ದ ನಂತರವೇ ಕೊನೆಯ ಬಿಗಿ ಕೊಡಿ.

ಇನ್ನು ಅಳತೆ. ನಮ್ಮ ಅಂಗಳಗಳು ಮಳೆನೀರು ಹರಿಯಲೆಂದು ಇಳಿಜಾರಾಗಿರುತ್ತವೆ. ಗಾರೆಯವರ ನೀರಿನ ಟ್ಯೂಬಿನಿಂದ ನಾಲ್ಕೂ ಗಾಲಿಯ ಜಾಗ ನೋಡಿ, ತಗ್ಗಿದ್ದಲ್ಲಿ ಟೈಲ್ಸ್ ತುಂಡು ಕೊಟ್ಟು ಸಮಮಾಡಿ. ಮುಂದಿನ ಗಾಲಿಗಳ ಕೆಳಗೆ ಎರಡೆರಡು ಟೈಲ್ಸ್, ನುಣುಪು ಮುಖಗಳು ಎದುರುಬದುರಾಗಿ, ನಡುವೆ ಗ್ರೀಸ್ ಹಚ್ಚಿ ಇಡಿ. ಹಿಂದಿನ ಗಾಲಿಗಳ ಕೆಳಗೂ ಅಷ್ಟೇ ದಪ್ಪ ಇರಲಿ. ಹಾಗೆ ಮಾಡಿದರೆ ಗಾಲಿ ಸಲೀಸಾಗಿ ತಿರುಗುತ್ತದೆ. ಟೈರುಗಳ ಗಾಳಿ ಸರಿಯಿದ್ದು, ಬಾನೆಟ್ ಹತ್ತಿರ ನಾಲ್ಕು ಸಲ ಒತ್ತಿ ಬಿಟ್ಟ ಮೇಲೆ ಅಳೆಯಿರಿ.

ಕ್ಯಾಂಬರ್‌ಗೆ ರಸಮಟ್ಟವನ್ನು ರಿಮ್ಮಿಗೆ ನೆಟ್ಟಗೆ ಹಿಡಿಯಿರಿ. 400 ಮಿ.ಮೀ. ಎತ್ತರದಲ್ಲಿ 3.5 ಮಿ.ಮೀ. ವ್ಯತ್ಯಾಸವೆಂದರೆ ಅರ್ಧ ಡಿಗ್ರಿ. ಕ್ಯಾಸ್ಟರ್‌ಗೆ ಗಾಲಿಯ ಮುಂಭಾಗವನ್ನು 20 ಡಿಗ್ರಿ ಹೊರಕ್ಕೆ ತಿರುಗಿಸಿ ಕ್ಯಾಂಬರ್ ಓದಿ, ನಂತರ 20 ಡಿಗ್ರಿ ಒಳಕ್ಕೆ ತಿರುಗಿಸಿ ಓದಿ, ವ್ಯತ್ಯಾಸವನ್ನು 1.5ರಿಂದ ಗುಣಿಸಿದರೆ ಸಿಗುವುದೇ ಕ್ಯಾಸ್ಟರ್.

ಹಳೆ ಪುಸ್ತಕದ ಕ್ಯಾಸ್ಟರ್ ಸೊನ್ನೆಯ ಆಸುಪಾಸಿನದು, ಆ ಕಾಲದ ಬಯಾಸ್ ಟೈರಿಗೆ (ಒಳಗಿನ ನೂಲು ಓರೆಯಾಗಿ ಹೆಣೆದದ್ದು) ಬರೆದದ್ದು. ಈಗಿನ ರೇಡಿಯಲ್ ಟೈರು, ಪವರ್ ಸ್ಟೇರಿಂಗ್ ಇದ್ದರೆ ಪ್ಲಸ್ 3ರಿಂದ 4 ಡಿಗ್ರಿ ಇಡಿ. ದೇವಿಮನೆ ಘಟ್ಟದ ತಿರುವು ದಾಟಿದ ಮೇಲೆ ಸ್ಟೇರಿಂಗ್ ತಾನೇ ನೇರಕ್ಕೆ ಬರುವುದು ಇದರಿಂದಲೇ. ಕ್ಯಾಂಬರ್ ಸೊನ್ನೆಯಿಂದ ಮೈನಸ್ ಅರ್ಧ ಡಿಗ್ರಿ ಸಾಕು. ಇಲ್ಲೊಂದು ಎಚ್ಚರ ಬೇಕು: ಅಮೆರಿಕದವರು ಬಲಗಡೆ ಓಡಿಸುವುದರಿಂದ ರಸ್ತೆಯ ಇಳಿಜಾರಿಗೆ ಎದುರಾಗಿ ಬಲಗಾಲಿಗೆ ಕ್ಯಾಸ್ಟರ್ ತುಸು ಹೆಚ್ಚು ಕೊಡುತ್ತಾರೆ. ಕಾರು ಕಡಿಮೆ ಕ್ಯಾಸ್ಟರ್ ಇರುವ ಕಡೆಗೆ ಎಳೆಯುತ್ತದೆ. ನಮ್ಮ ರಸ್ತೆ ಎಡಕ್ಕೆ ಇಳಿಯುವುದರಿಂದ ಎಡಗಾಲಿಗೇ ಅರ್ಧ ಡಿಗ್ರಿ ಹೆಚ್ಚು ಬೇಕು.

ತಿದ್ದುವುದು ಮೇಲಿನ ಆರ್ಮಿನ ಶಾಫ್ಟಿನ ಎರಡು ಬೋಲ್ಟುಗಳಲ್ಲಿರುವ ತೆಳು ಲೋಹದ ತುಂಡುಗಳಾದ ಶಿಮ್‌ಗಳಿಂದ. ಎರಡರಲ್ಲೂ ಸಮನಾಗಿ ಸೇರಿಸಿದರೆ ಕ್ಯಾಂಬರ್ ಮೈನಸ್ ಕಡೆಗೆ ಹೋಗುತ್ತದೆ; 1.6 ಮಿ.ಮೀ.ಗೆ ಸುಮಾರು ಮೂರನೇ ಒಂದು ಡಿಗ್ರಿ. ಮುಂದಿನ ಬೋಲ್ಟಿನಿಂದ ತೆಗೆದು ಹಿಂದಿನದಕ್ಕೆ ಹಾಕಿದರೆ ಕ್ಯಾಸ್ಟರ್ ಪ್ಲಸ್ ಕಡೆಗೆ ಏರುತ್ತದೆ. ಬಿಗಿಯುವಾಗ ಕಡಿಮೆ ಶಿಮ್ ಇರುವ ಬೋಲ್ಟು ಮೊದಲು. 1967ರಿಂದ 1973ರವರೆಗಿನ ಫೋರ್ಡ್ ಮಸ್ಟ್ಯಾಂಗ್‌ಗಳಲ್ಲಿ ಶಿಮ್ ಬದಲು ಕೆಳಗಿನ ಆರ್ಮಿನ ಕ್ಯಾಮ್ ಬೋಲ್ಟಿನಿಂದ ಕ್ಯಾಂಬರ್, ಸ್ಟ್ರಟ್ ರಾಡಿನಿಂದ ಕ್ಯಾಸ್ಟರ್ ತಿದ್ದಬೇಕು.

ಟೋ ಕೊನೆಗೆ, ಏಕೆಂದರೆ ಮೊದಲ ಎರಡನ್ನು ಮುಟ್ಟಿದರೆ ಅದು ಬದಲಾಗಿಯೇ ಆಗುತ್ತದೆ. ಟೈರಿನ ನಡುವೆ ಬಣ್ಣ ಹಚ್ಚಿ, ಗಾಲಿ ತಿರುಗಿಸುತ್ತ ಮೊಳೆಯಿಂದ ಗೆರೆ ಎಳೆಯಿರಿ. ಕಾರನ್ನು ಕೆಳಗಿಳಿಸಿ, ಕೆಲವು ಅಡಿ ಮುಂದಕ್ಕೆ ಮಾತ್ರ ತಳ್ಳಿ, ಆಕ್ಸಲ್ ಎತ್ತರದಲ್ಲಿ ಗೆರೆಯಿಂದ ಗೆರೆಗೆ ಅಳೆಯಿರಿ. ಟೈರುಗಳ ಮುಂಭಾಗದ ಅಳತೆ ಹಿಂಭಾಗದ ಅಳತೆಗಿಂತ 1.5ರಿಂದ 3 ಮಿ.ಮೀ. ಕಡಿಮೆ ಇರಬೇಕು. ಟೈ ರಾಡಿನ ಉದ್ದ ಹೊಂದಿಸುವ ಎರಡೂ ಸ್ಲೀವ್‌ಗಳನ್ನು ಸಮನಾಗಿ ತಿರುಗಿಸದಿದ್ದರೆ ಸ್ಟೇರಿಂಗ್ ವೀಲ್ ಓರೆಯಾಗಿ ನಿಲ್ಲುತ್ತದೆ.

ನೂರು ಕಿ.ಮೀ. ಓಡಿದ ಮೇಲೆ ಶಿಮ್ ಬೋಲ್ಟು, ಸ್ಲೀವ್ ಕ್ಲ್ಯಾಂಪ್‌ಗಳನ್ನು ಮತ್ತೆ ನೋಡಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ, ಪ್ರತಿ ಗ್ರೀಸ್ ನಿಪ್ಪಲ್‌ಗೂ ಹಳೆ ಗ್ರೀಸ್ ಹೊರಬರುವವರೆಗೆ ನೀರು ತಡೆಯುವ ಹೊಸ ಗ್ರೀಸ್ ತುಂಬಿ. ಸೀಲ್ ಮಾಡಿದ ರಬ್ಬರ್ ಬೂಟ್ ಉಬ್ಬಿದರೆ ಅಲ್ಲಿಗೇ ನಿಲ್ಲಿಸಿ.